ಈಜುಕೊಳಕ್ಕೆ ಹೊಸ ಹಾಳೆ

ಅವಳು ಕೊನೆಯ ಸಲ ಈಜಿದ ದಿನ ನಮ್ಮ ಈಜುಕೊಳದಲ್ಲಿ ಮೊಣಕಾಲುದ್ದ ನೀರಿತ್ತು. ಅಷ್ಟು ನೀರಿನಲ್ಲಿ ಈಜಲಾಗುವುದಿಲ್ಲ ಎಂದು, ಈಜು ಬಾರದ ನಾನು ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತಾ ತಿಳಿಹೇಳಿದೆ. ನನ್ನ ಹೆಂಡತಿ ಅಂಗಾತ ತೇಲುತ್ತಾ, ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು.

"ಕೊಳದ ತಳದ ಹಾಳಿ ಹರದು ಆರು ತಿಂಗಳಾತು. ಊರಿಗೆಲ್ಲ ಪೈಪು, ನಳ ಮಾರ್ತೀರಿ. ಮನ್ಯಾಗ ಸೋರೋದು ಕಾಣಂಗಿಲ್ಲ ನಿಮಗ."

"ಮುಂದಿನ ತಿಂಗಳು ನೋಡೋಣಂತ."

"ಹೂಂ, ನೋಡ್ರಿ. ನೋಡಾಕ ಏನ್ ಕಷ್ಟ."

ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಎಂದಳು. ಕೂಡ್ಲಿಗಿಯಿಂದ ಹೊಸಪೇಟೆಯ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿ ಮುಗಿಯುವುದರೊಳಗೆ ಅವಸರ ಮಾಡಲು ಕಾರಣವೇ ಉಳಿಯಲಿಲ್ಲ.

ಅವಳ ತವರು ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಊರು. ನಡೆಯುವುದಕ್ಕೆ ಮುಂಚೆ ಈಜು ಕಲಿತಳು ಎಂದು ಅತ್ತೆ ಹೇಳುತ್ತಿದ್ದರು. ಅಂಥವಳನ್ನು ತಂದು, ನಳದಲ್ಲಿ ನೀರು ಬಂದರೆ ಓಣಿಯೆಲ್ಲ ಕೊಡ ಹಿಡಿದು ಓಡುವ ಊರಿನಲ್ಲಿಟ್ಟ ಜಾಣ ನಾನು. ಐವತ್ತರ ಹತ್ತಿರ ಬಂದಾಗ ಅವಳು, ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನಿಂದ ಹಳೆಯ ಈಜುಕೊಳವೊಂದನ್ನು ತರಿಸಿದಳು. ನೆಲ ಅಗೆಯಬೇಕಿಲ್ಲ, ಎದೆಯೆತ್ತರದ ದುಂಡನೆಯ ತಗಡಿನ ಗೋಡೆ, ಒಳಗೆ ನೀರು ನಿಲ್ಲಿಸುವ ನೀಲಿ ಪ್ಲಾಸ್ಟಿಕ್ ಹಾಳೆ, ಅಷ್ಟೆ. ಹಿತ್ತಲಲ್ಲಿ ಅದನ್ನು ನಿಲ್ಲಿಸಿ ಬೋರಿನ ನೀರು ಬಿಟ್ಟ ದಿನ ಓಣಿಯವರು ಬಂದು, ಎಮ್ಮೆ ಎಷ್ಟು ಕಟ್ಟಿದ್ದೀರಿ ಎಂದು ವಿಚಾರಿಸಿದರು.

ಅವಳ ದಿನಕಾರ್ಯ ಮುಗಿದ ವಾರ ಒಂದು ಪಾರ್ಸೆಲ್ ಬಂತು. ನನ್ನ 'ಮುಂದಿನ ತಿಂಗಳ'ನ್ನು ಅವಳು ನಂಬಿರಲಿಲ್ಲ. ತಾನೇ ಹೊಸ ಹಾಳೆ ಆರ್ಡರ್ ಮಾಡಿದ್ದಳು.

"ಮೇಡಂ ಅದಾರೇನ್ರಿ? ಅವ್ರ ಹೆಸರಿಗೈತಿ," ಎಂದ ಪಾರ್ಸೆಲ್ ತಂದವನು.

"ಇಲ್ಲ."

"ಯಾವಾಗ ಬರ್ತಾರ್ರಿ?"

ನಾನೇ ಸಹಿ ಹಾಕಿದೆ.

ತಗಡನ್ನು ಗುಜರಿಗೆ ಹಾಕು ಎಂದು ಬಂಧುಗಳೆಲ್ಲ ಬುದ್ಧಿ ಹೇಳಿದರು. ಸತ್ತ ಮನೆಗೆ ಬಂದವರು ಇಂಥ ಉಪಯುಕ್ತ ಮಾತನ್ನು ತಪ್ಪದೆ ಹೇಳುತ್ತಾರೆ. ನನಗೋ, ಆ ಹಾಳೆ ಹಾಕುವವರೆಗೆ ಅನ್ನ ಸೇರುವ ಹಾಗಿರಲಿಲ್ಲ. ಅವಳು ಕೇಳಿ ನಾನು ಮಾಡದ ಕೆಲಸ ಅದೊಂದೇ ಎಂದರೆ ಸುಳ್ಳಾಗುತ್ತದೆ. ಮಾಡದವು ಬಹಳ ಇವೆ. ಆದರೆ ಈಗಲೂ ಮಾಡಬಹುದಾದದ್ದು ಅದೊಂದೇ ಉಳಿದಿತ್ತು.

ಹಡಗಲಿ ಬಸ್ಸಿಗೆ ಬಾಮೈದ ಬಂದ, ಜೊತೆಗೆ ಅತ್ತೆಯೂ ಬಂದರು. ಹಾಳೆಯ ಜೊತೆ ಚಿತ್ರಗಳಿದ್ದ ಸೂಚನಾಪತ್ರವಿತ್ತು. 'ಬಿಸಿಲಿರುವ ಬೆಚ್ಚನೆಯ ದಿನವನ್ನು ಆರಿಸಿಕೊಳ್ಳಿ' ಎಂಬುದು ಅದರ ಮೊದಲ ಮಾತು. ಏಪ್ರಿಲ್ ತಿಂಗಳ ಕೂಡ್ಲಿಗಿಯಲ್ಲಿ ಅಂಥ ದಿನಕ್ಕಾಗಿ ನಾವು ಹೆಚ್ಚು ಕಾಯಬೇಕಾಗಲಿಲ್ಲ. ಹಳೆಯ ಹಾಳೆಯನ್ನು ಕತ್ತರಿಸಿ ತೆಗೆದೆವು. ಕೆಳಗಿನ ನೆಲಕ್ಕೆ ನಯವಾದ ಮರಳು ಹರಡಿ ಎಂದಿತ್ತು. ಅತ್ತೆ ಒಪ್ಪಲಿಲ್ಲ.

"ಮರಳಿನ್ಯಾಗ ಕಲ್ಲಿರ್ತಾವ, ಹಾಳಿ ಹರೀತೈತಿ. ಕಣ ಮಾಡ್ದಂಗ ಸಗಣಿ ಹಾಕಿ ಸಾರಸ್ರಿ ಅಳಿಯಾರ. ಬೆಣ್ಣಿ ಆಗ್ತೈತಿ ನೆಲ."

ಜೋಳ ತುಳಿಸುವ ಕಣವನ್ನು ಜೀವಮಾನವೆಲ್ಲ ಸಾರಿಸಿದ ಕೈ ಅದು. ಸೂಚನಾಪತ್ರ ಬರೆದವನು ಕಣ ನೋಡಿರಲಿಕ್ಕಿಲ್ಲ ಎಂದುಕೊಂಡೆವು. ಕೆಮ್ಮಣ್ಣು, ಸಗಣಿ ಕಲಸಿ ನಾಲ್ಕು ಬೆರಳು ದಪ್ಪ ಬಡಿದೆವು. ಮೇಲೆ ಒಣಗಿದಂತೆ ಕಂಡದ್ದೇ ತಡ, ಹಾಳೆ ಇಳಿಬಿಟ್ಟು ಅಂಚನ್ನು ತಗಡಿನ ಮೇಲೆ ಸಿಕ್ಕಿಸಿದೆವು. ಒಳಗಿಳಿದು, ಸಾಕ್ಸ್ ಹಾಕಿದ ಕಾಲಿನಿಂದ ನಡುವಿನ ಸುಕ್ಕುಗಳನ್ನು ಅಂಚಿನತ್ತ ತಳ್ಳಿದೆವು. ಹೊಸ ಮದುಮಕ್ಕಳ ಹಾಸಿಗೆಗೂ ಯಾರೂ ಅಷ್ಟು ಜತನ ಮಾಡಿರಲಿಕ್ಕಿಲ್ಲ. ಪಾದ ಮುಳುಗುವಷ್ಟು ನೀರು ಬಿಟ್ಟೆವು. ಅಷ್ಟರಲ್ಲಿ ಬೋರು ಮಣ್ಣುನೀರು ಕಾರತೊಡಗಿತು, ನಿಲ್ಲಿಸಿದೆವು.

ಮೂರನೆಯ ದಿನ ಕೊಳದ ನಡುವೆ ಹಾಳೆ ಪೂರಿಯಂತೆ ಉಬ್ಬಿ ನೀರಿನ ಮೇಲೆ ತಲೆ ಎತ್ತಿತ್ತು. ಬಾಮೈದ ಬಗ್ಗಿ ಅಂಚಿನ ಬಳಿ ಮೂಸಿ ನೋಡಿ ಮೂಗು ಹಿಡಿದುಕೊಂಡ.

"ಮಾವ, ನೀವು ಗೋಬರ್ ಗ್ಯಾಸ್ ಕಟ್ಟೀರಿ ನೋಡ್ರಿ. ಒಲಿ ಹಚ್ಚೋದೊಂದ ಬಾಕಿ."

"ಲೇ, ಆ ಸಗಣಿ ನಿನ್ನ ಬಾಯಿಗೆ ಬಡೀಬೇಕಿತ್ತು," ಎಂದರು ಅತ್ತೆ.

"ಸೂಜಿ ತಗೊಂಡು ಒಂದು ಸಣ್ಣ ತೂತು ಹಾಕಿದ್ರ ಗಾಳಿ ಹೋಗ್ತೈತಿ ಮಾವ."

"ತೂತಾ? ಮುಟ್ಟಿದ್ರ ಕೈ ಮುರಿತೀನಲೇ," ಎಂದೆ. ಅಷ್ಟು ಜೋರಾಗಿ ನಾನು ಮಾತನಾಡಿ ಒಂದು ತಿಂಗಳ ಮೇಲಾಗಿತ್ತು.

ನೀರು ಖಾಲಿ ಮಾಡಿ, ಹಾಳೆ ಬಿಚ್ಚಿ ಮಡಚಿಟ್ಟೆವು. ಮುಚ್ಚಿದ ಹಾಳೆಯ ಕೆಳಗೆ ಸಗಣಿ ಇನ್ನೂ ಹಸಿಯಾಗಿಯೇ ಇತ್ತು. ಅದನ್ನೆಲ್ಲ ಕೆತ್ತಿ ತೆಗೆದೆವು. ಸೂಚನಾಪತ್ರ ಬರೆದವನಿಗೂ ಒಂದಿಷ್ಟು ತಿಳಿವಳಿಕೆ ಇದ್ದೀತೆಂದು ಆಗ ಒಪ್ಪಿಕೊಂಡೆ. ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದವರಿಂದ ಮರಳು ತಂದೆವು. ಬಾಮೈದ ಜರಡಿ ಹಿಡಿದ. ಜರಡಿಯಿಂದ ಬಿದ್ದ ಮರಳನ್ನೂ ಅತ್ತೆ ಮೊರಕ್ಕೆ ಹಾಕಿಕೊಂಡು ಅಕ್ಕಿ ಆರಿಸುವಂತೆ ಆರಿಸುತ್ತ ಕುಳಿತರು.

"ಅಷ್ಟು ಸಣ್ಣವು ಹಾಳಿ ಹರಿಯಂಗಿಲ್ಲ ಬಿಡ್ರಿ ಅತ್ತಿ," ಎಂದೆ.

"ಹಾಳಿಗಲ್ರಿ. ಆಕಿ ಕಾಲು ಮೆತ್ತಗ ಅದಾವ, ಚುಚ್ಚತಾವ," ಎಂದರು.

ಹೇಳಿದ ಮೇಲೆ ಅವರ ಕೈ ನಿಂತಿತು. ಬಾಮೈದ ಜರಡಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮತ್ತೆ ಆರಿಸತೊಡಗಿದರು. ನಾನೂ ಪಕ್ಕದಲ್ಲಿ ಕುಳಿತು ಆರಿಸಿದೆ. ಮೊರ ಖಾಲಿಯಾಗುವವರೆಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಈ ಸಲ ಹಾಳೆ ಸುಕ್ಕಿಲ್ಲದೆ ಕುಳಿತಿತು. ಬೋರಿಗೆ ಬಿಡುವು ಕೊಡುತ್ತಾ ಕೊಡುತ್ತಾ ಐದು ದಿನ ನೀರು ಬಿಟ್ಟೆವು. ತುಂಬಿದ ದಿನ ಬಾಮೈದನಿಗೆ ಇಳಿಯಲು ಹೇಳಿದೆ. ಅವನೂ ಹೊಳೆಯಲ್ಲಿ ಬೆಳೆದವನೇ.

"ಒಲ್ಲೆ ಮಾವ. ಅಕ್ಕನ್ನ ಬಿಟ್ಟು ನಾ ಮೊದ್ಲು ಇಳಿಯಂಗಿಲ್ಲ," ಎಂದ. ಸಂಜೆ ಬಸ್ಸಿಗೆ ತಾಯಿಯನ್ನು ಕರೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ತಗಡಿನ ಸುತ್ತ ಬಗ್ಗಿ, ಬೆರಳಿನಿಂದ ನೆಲ ಮುಟ್ಟಿ ನೋಡುತ್ತಾ ಬಂದೆ. ಎಲ್ಲೂ ಒದ್ದೆಯಿಲ್ಲ. ಪೈಪು, ನಳ ಮಾರಿದ ಇಷ್ಟು ವರ್ಷದಲ್ಲಿ ನಾನು ಖುದ್ದಾಗಿ ನಿಲ್ಲಿಸಿದ ಮೊದಲ ಸೋರಿಕೆ ಇದು. ಯಾರಾದರೂ ಸನ್ಮಾನ ಮಾಡಬಹುದು. ಎದೆಮಟ್ಟ ನೀರಿದೆ. ಈಜುವವಳು ಇಲ್ಲ.