ಯಗಟಿಯ ಕುರಿಹಟ್ಟಿಯಲ್ಲಿ ದಫೇದಾರರು

ಬುಕ್ಕಾಂಬುಧಿಯ ಪಂಚಾಕ್ಷರಪ್ಪ ಎಂಬ ಪೊಲೀಸ್ ದಫೇದಾರರು ದನಿ ಎತ್ತಿ ಮಾತಾಡಿದ್ದನ್ನು ಕೇಳಿದವರೇ ಕಡಿಮೆ. ಕಟ್ಟುಮಸ್ತಾದ ಆಳೂ ಅಲ್ಲ. ೧೯೭೯ರಲ್ಲಿ ಗಂಧದ ಕಳ್ಳಸಾಗಣೆಯ ಬೆನ್ನು ಹತ್ತಲೆಂದೇ ಪೊಲೀಸರ ವಿಶೇಷ ದಳವೊಂದು ತರೀಕೆರೆಗೆ ಬಂತು. ಈ ಕಡೆಯ ಊರುಕೇರಿ ಬಲ್ಲವರೊಬ್ಬರು ಬೇಕೆಂದು ಇವರನ್ನು ಸೇರಿಸಿಕೊಂಡರು.

ಅಲ್ಲಿಯವರೆಗೆ ಸಿಕ್ಕಿಬೀಳುತ್ತಿದ್ದವರೆಲ್ಲ ಮರ ಕಡಿಯುವ ಕೂಲಿಗಳು, ಲಾರಿ ಕ್ಲೀನರುಗಳು. ಅವರು ಜೈಲಿಗೆ ಹೋದರೆ ಬೇರೆಯವರು ಕೊಡಲಿ ಹಿಡಿಯುತ್ತಿದ್ದರು. ಕಡಿಸುವ ದೊಡ್ಡ ಮನುಷ್ಯನ ಹತ್ತಿರ ಯಾರೂ ಸುಳಿದಿರಲಿಲ್ಲ. ದಳದವರು ತಿಂಗಳುಗಟ್ಟಲೆ ಚೆಕ್‌ಪೋಸ್ಟು, ಲಾರಿ ಶೆಡ್ಡುಗಳನ್ನು ಜಾಲಾಡಿದ ಮೇಲೆ ಗುಟ್ಟು ತಿಳಿಯಿತು. ಹೆಬ್ಬೆ ಕಾಡಿನ ಗಂಧ ಕಡೂರಿನ ಕಾಯಿ ಸಾಹುಕಾರನೊಬ್ಬನ ತೆಂಗಿನಕಾಯಿ ಲೋಡಿನಡಿ ಸೇರಿ ರಾಜ್ಯ ದಾಟುತ್ತಿತ್ತು. ಲಾರಿಯನ್ನೇನೋ ಹಿಡಿದರು. ಆದರೆ ಸಾಹುಕಾರನೇ ಯಗಟಿ ಬಯಲಿನಲ್ಲಿ ನಿಂತು ಲೋಡು ಮಾಡಿಸಿದ್ದನ್ನು ಕಂಡು ಹೇಳುವವರು ಬೇಕಿತ್ತು. ಕಂಡಿದ್ದವಳು ಒಬ್ಬಳೇ, ಅಲ್ಲಿ ಕುರಿ ಮೇಯಿಸುತ್ತಿದ್ದ ಕರಿಯಮ್ಮ.

ಆಕೆ ಹೇಳಿಕೆ ಕೊಟ್ಟ ವಾರದಲ್ಲೇ ಯಾರೋ ಹಟ್ಟಿಗೆ ನುಗ್ಗಿ ಎರಡು ಕುರಿ ಕಡಿದು ಬಾಗಿಲಿಗೆ ಎಸೆದು ಹೋದರು.

“ನಾನು ಕೋರ್ಟಿಗೆ ಬರಾಕಿಲ್ಲ ಸ್ವಾಮಿ,” ಎಂದಳು ಕರಿಯಮ್ಮ. “ನೀವು ಜೀಪು ಹತ್ತಿ ಹೊಂಟೋಯ್ತೀರ. ಬಾಳ್ಬೇಕಾದೋಳು ನಾನು.”

ವಿಚಾರಿಸಲು ಬಂದಿದ್ದ ದಳದ ಇನ್‌ಸ್ಪೆಕ್ಟರು ಕಾನೂನು ಹೇಳಹೊರಟರು. ಪಂಚಾಕ್ಷರಪ್ಪ ಮೆಲ್ಲಗೆ, “ಹಂಗಾರೆ ನಾನು ಜೀಪು ಹತ್ತಾಕಿಲ್ಲ ಬಿಡವ್ವ. ಇಲ್ಲೇ ಇರ್ತೀನಿ,” ಎಂದರು.

ಮೇಲಿನವರ ಒಪ್ಪಿಗೆ ಪಡೆದು, ಖಾಕಿ ಬಿಚ್ಚಿಟ್ಟು, ಅವರು ಹಟ್ಟಿಯ ಪಕ್ಕದ ಗುಡಿಸಲಿಗೆ ಬಂದರು. ಹೆಂಡತಿ ವಿಶಾಲಾಕ್ಷಮ್ಮನೂ ಪಾತ್ರೆ-ಪಗಡ ಕಟ್ಟಿಕೊಂಡು ಜೊತೆಗೆ ಬಂದರು. ಹಗಲು ಕರಿಯಮ್ಮನ ಹಿಂದೆ ಬಯಲಿಗೆ, ಸಂಜೆ ಹಟ್ಟಿಗೆ. ಮಳೆಗಾಲ ಕಳೆದು ರಾಗಿ ಕೊಯ್ಲು ಬಂದರೂ ಕೋರ್ಟಿನಲ್ಲಿ ಕೇಸು ಕೂಗಲಿಲ್ಲ. ಊರವರು ನಕ್ಕರು. ಪೊಲೀಸು ಕುರಿ ಕಾಯೋಕೂ ಬಂತಲ್ಲಪ್ಪಾ ಅಂದರು.

ಒಂದು ಮಧ್ಯಾಹ್ನ ನಾಲ್ವರು ವ್ಯಾನಿನಲ್ಲಿ ಬಂದು ಕರಿಯಮ್ಮನ ರಟ್ಟೆಗೆ ಕೈಹಾಕಿದರು. ಪಂಚಾಕ್ಷರಪ್ಪ ಓಡಿಬಂದು ಅವಳನ್ನು ತಬ್ಬಿ ಹಿಡಿದು ನೆಲಕ್ಕೆ ಕುಕ್ಕರಿಸಿದರು. ಹೊಡೆತಗಳೆಲ್ಲ ಅವರ ಮೈಮೇಲೆ ಬಿದ್ದವು. ಮೊಳಕೈ ಮುರಿದರೂ ಹಿಡಿತ ಸಡಿಲಿಸಲಿಲ್ಲ. ವಿಶಾಲಾಕ್ಷಮ್ಮ ಕಿರುಚಿಕೊಂಡಿದ್ದು ಕೇಳಿ ಹೊಲಗಳಿಂದ ಜನ ಕುಡುಗೋಲು ಹಿಡಿದೇ ಬಂದರು. ನಗುತ್ತಿದ್ದವರೇ ವ್ಯಾನಿಗೆ ಅಡ್ಡ ನಿಂತರು. ನಾಲ್ವರಲ್ಲಿ ಇಬ್ಬರು ಸಿಕ್ಕಿಬಿದ್ದು, ಕಳಿಸಿದವನ ಹೆಸರು ಹೇಳಿದರು.

ಕೋರ್ಟಿನಲ್ಲಿ ಸಾಹುಕಾರನ ವಕೀಲರು ಕೇಳಿದರು: “ದಫೇದಾರರು ನಿನ್ನ ಜೊತೇಲೇ ಇದ್ರಲ್ಲ, ಅವರು ಹೇಳ್ಕೊಟ್ಟಿದ್ದು ತಾನೇ ಇದು?”

“ಆ ಯಪ್ಪ ಇಡೀ ದಿನದಾಗೆ ನಾಕು ಮಾತಾಡಿದ್ರೆ ಹೆಚ್ಚು ಸ್ವಾಮಿ,” ಎಂದಳು ಕರಿಯಮ್ಮ. “ಹೇಳ್ಕೊಡೋದೆಲ್ಲಿ ಬಂತು? ಅಗೋ, ಅಲ್ಲಿ ಕುಂತವ್ನೆ ನೋಡಿ, ಅವ್ನೇ ನಿಂತು ಗಂಧ ತುಂಬಿಸ್ದೋನು. ನನ್ ಕಣ್ಣಾರೆ ಕಂಡಿದೀನಿ.”

ಸಾಹುಕಾರನಿಗೆ ಶಿಕ್ಷೆಯಾಯಿತು. ಅವನು ಜೈಲು ಸೇರಿದ ಮೇಲೆ ಬಾಯಿ ಮುಚ್ಚಿದ್ದ ಲಾರಿ ಡ್ರೈವರುಗಳು ಒಬ್ಬೊಬ್ಬರಾಗಿ ದಳದ ಮುಂದೆ ಬಂದು ಕಂಡದ್ದು ಹೇಳಿದರು.

ಪಂಚಾಕ್ಷರಪ್ಪನವರ ಎಡಗೈ ಮತ್ತೆ ನೆಟ್ಟಗಾಗಲಿಲ್ಲ. ೧೯೮೬ರಲ್ಲಿ ನಿವೃತ್ತರಾಗುವವರೆಗೂ ದಳದಲ್ಲೇ ಇದ್ದರು. ಹೊಸದಾಗಿ ಸೇರಿದ ಹುಡುಗರು ದಾಳಿಯ ಕಥೆ ಕೇಳಿದರೆ ಅವರದು ಒಂದೇ ಮಾತು:

“ಕಳ್ಳನ್ನ ಯಾರು ಬೇಕಾದ್ರೂ ಹಿಡೀತಾರೆ ಕಣ್ರಪ್ಪಾ. ಕಣ್ಣಾರೆ ಕಂಡೋರ ಹೆದರಿಕೆ ಬಿಡಿಸೋದು ಕಲೀರಿ.”