ಫ್ರಾಕಿನ ಮೇಲೆ ಹೊಳೆದದ್ದು

ನಾನು ಹುಟ್ಟಾ ಅಂಜುಬುರುಕಿ. ಅಂಥವಳು ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ಕಣ್ಣಿಗೆ ಕಾಣದ ಮೋಟಾರು ಮಾಡುವ ಕೆಲಸಕ್ಕೆ ಸೇರಿದ್ದೇ ತಪ್ಪು ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಮೋಟಾರು ಎಂದರೆ ಒಂದೇ ಒಂದು ಅಣು. ನೇರಳೆ ಬೆಳಕು ಬಿದ್ದರೆ ಅದರ ಅರ್ಧ ಭಾಗ ಇನ್ನರ್ಧದ ಮೇಲೆ ಗರಗರ ತಿರುಗುತ್ತದೆ. ಅದು ಎಲ್ಲಿದೆ ಎಂದು ತಿಳಿಯಲು ಹಳದಿಯಾಗಿ ಹೊಳೆಯುವ ಬಾಲವೊಂದನ್ನು ಜೋಡಿಸಿದ್ದೆವು. ಜೀವಕೋಶದ ಪೊರೆಯಂಥದೇ ಪೊರೆಯಿರುವ ಕೊಬ್ಬಿನ ಸಣ್ಣ ಗುಳ್ಳೆಗಳನ್ನು ಮಾಡಿ, ಅವುಗಳ ಮೇಲೆ ಇದನ್ನು ಬಿಡುತ್ತಿದ್ದೆವು. ಅಣು ಪೊರೆಯೊಳಗೆ ಹೊಕ್ಕು ಕೂರುತ್ತದೆ, ಬೆಳಕಿಗೆ ತಿರುಗುತ್ತದೆ, ಗುಳ್ಳೆ ಸೋರುತ್ತದೆ. ಮೊದಲ ಸಲ ಸೋರಿದಾಗ ನಮ್ಮ ಸರ್ ಎಲ್ಲರಿಗೂ ಸಿಹಿ ಕುಂದಾ ತರಿಸಿದ್ದರು.

ಖಾನಾಪುರದ ಮನೆಯಲ್ಲಿ ಇದನ್ನು ಹೇಳಿದೆ. ನಮ್ಮದು ನೀರು ಸೋಸದೆ ಕುಡಿಯದ ಜೈನರ ಮನೆ. ಅತ್ತೆ ಕೇಳಿದರು:

"ಆ ಗುಳ್ಳ್ಯಾಗ ಜೀವ ಇರ್ತದೇನು?"

"ಇಲ್ಲರಿ ಅತ್ತಿ, ಬರೇ ಕೊಬ್ಬಿನ ಪದರ."

"ಮತ್ತ ಜೀವ ಇದ್ದದ್ದಕ್ಕ ಹತ್ತಿದ್ರ?"

ನಗುತ್ತ ಜಾರಿಕೊಂಡೆ.

ಒಂದು ಶನಿವಾರ ಮಧ್ಯಾಹ್ನ, ನಾನು ಅಣುವಿನ ಪುಡಿ ತೂಗುತ್ತಿದ್ದಾಗ, ಮಗಳು ಅಜ್ಜಿಯಿಂದ ಫೋನು ಮಾಡಿಸಿದಳು. ಅವಳಿಗಾಗ ನಾಲ್ಕು ವರ್ಷ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಪುಡಿ ಮುಟ್ಟಿದ ಕೈಗವಸು ಹಾಕಿಕೊಂಡೇ ಎತ್ತಿದೆ. ಹೊಸಬರು ಹೀಗೆ ಮಾಡಿದರೆ ಬೈಯುವವಳು ನಾನೇ. ಸಂಜೆ ರೈಲಿಳಿದು ಮನೆಗೆ ಬಂದು ಅವಳನ್ನು ಎತ್ತಿಕೊಂಡೆ, ಅವಳು ಎಂದಿನಂತೆ ಫೋನು ಕಸಿದುಕೊಂಡಳು. ಕೈಗವಸು ನೆನಪಾದದ್ದು ಮರುದಿನ, ರೊಟ್ಟಿ ಬಡಿಯುವಾಗ. ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು.

ಚೀಲದಲ್ಲಿ ನೇರಳೆ ಬೆಳಕಿನ ಸಣ್ಣ ಟಾರ್ಚು ಇತ್ತು. ಕಿಟಕಿಯಿಲ್ಲದ ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನ ಮೇಲೆ ಬಿಟ್ಟೆ. ಅಂಚಿನಲ್ಲಿ ಹಳದಿ ಹೊಳೆಯಿತು. ನಿನ್ನೆಯ ಫ್ರಾಕಿನ ಮೇಲೆ ಬಿಟ್ಟೆ. ಎದೆಯ ಮೇಲೆ, ತೋಳಿನ ಮೇಲೆ, ಕೊರಳಪಟ್ಟಿಯ ಮೇಲೆ ಹಳದಿ. ಮಗಳು ಅಂಗಳದ ಬಿಸಿಲಿನಲ್ಲಿ ಆಡುತ್ತಿದ್ದಳು. ಬಿಸಿಲಿನಲ್ಲಿ ಆ ಬೆಳಕೂ ಇರುತ್ತದಲ್ಲ! ಓಡಿಹೋಗಿ ರಟ್ಟೆ ಹಿಡಿದು ಒಳಗೆ ಎಳೆತಂದೆ. ಅವಳು ಹೆದರಿ ಅತ್ತಳು.

ಅತ್ತೆ ಫ್ರಾಕು ತಗೊಂಡು ನೋಡಿದರು. "ಅರಿಷಿಣ ಇದು. ನಿನ್ನೆ ಕೆಮ್ಮಿಗಂತ ಅರಿಷಿಣದ ಹಾಲು ಕೊಟ್ಟಿದ್ದೆ, ಅರ್ಧ ಮೈಮ್ಯಾಲೆ ಚೆಲ್ಲಿಕೊಂಡ್ಲು. ಸಾಬೂನ ಹಚ್ಚಿ ನೋಡು, ಕೆಂಪಾಗ್ತದ."

ಅರಿಷಿಣವೂ ಆ ಬೆಳಕಿಗೆ ಹಳದಿಯಾಗಿಯೇ ಹೊಳೆಯುತ್ತದೆ. ಅದು ನನಗೆ ಗೊತ್ತಿದ್ದದ್ದೇ, ಹೆದರಿದ ತಲೆಗೆ ಹೊಳೆದಿರಲಿಲ್ಲ ಅಷ್ಟೆ. ಬಚ್ಚಲಲ್ಲಿ ಕೂತು ಹೊಳೆದ ಒಂದೊಂದೇ ಜಾಗಕ್ಕೆ ಒದ್ದೆ ಸಾಬೂನು ಉಜ್ಜಿದೆ. ಎದೆಯದು ಕೆಂಪಾಯಿತು. ತೋಳಿನದೂ ಆಯಿತು. ನನಗೆ ಹೋದ ಜೀವ ಬಂದಂತಾಯಿತು. ಕೊರಳಪಟ್ಟಿಯದು ಮಾತ್ರ ಎಷ್ಟು ಉಜ್ಜಿದರೂ ಕೆಂಪಾಗಲಿಲ್ಲ. ಮಗಳಿಗೆ ಕೊರಳಪಟ್ಟಿ ಬಾಯಲ್ಲಿಟ್ಟು ಚೀಪುವ ಚಾಳಿ ಇತ್ತು.

ಡಾಕ್ಟರು ಬಾಯಿ, ಗಂಟಲು, ಕಣ್ಣು ನೋಡಿ ಏನೂ ಕಾಣುವುದಿಲ್ಲ ಎಂದರು. ಸರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರೆಂದರು:

"ಭಾಳ ಕಡಿಮಿ ಹೋಗಿರ್ತದ, ಏನೂ ಆಗೂದಿಲ್ಲ ಅನಸ್ತದ. ಆದ್ರ ಇದನ್ನ ನಾವು ಮನಷ್ಯಾರ ಮ್ಯಾಲೆ ಇನ್ನೂ ನೋಡಿಲ್ಲವ್ವಾ. ಖಾತ್ರಿ ಹೆಂಗ ಕೊಡ್ಲಿ?"

ಹೆದರಿದವಳ ಮೇಲೆ ಹಾವು ಎಸೆದಂತಾಯಿತು. ಸಿಟ್ಟು ಅವರ ಮೇಲೆ ಬಂತು, ತಪ್ಪು ನನ್ನದಿತ್ತು. ಮುಂದೆ ಹಲವು ದಿನ ಅವಳು ಸೀನಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಅಂದಿನಿಂದ ಮನೆಗೆ ಬಂದರೆ ನೇರ ಬಚ್ಚಲಿಗೆ ಹೋಗಿ ಸ್ನಾನ ಮಾಡಿ ಬಟ್ಟೆ ಬದಲಿಸುತ್ತಿದ್ದೆ. ಆಮೇಲೂ ಅವಳನ್ನು ಮುಟ್ಟಲು ಧೈರ್ಯವಾಗುತ್ತಿರಲಿಲ್ಲ. ಓಡಿಬಂದರೆ ಹಿಂದೆ ಸರಿದು "ಬ್ಯಾಡ" ಎನ್ನುತ್ತಿದ್ದೆ. ಕಾರಣ ಹೇಳಲಿಲ್ಲ, ನಾಲ್ಕು ವರ್ಷದವಳಿಗೆ ಏನೆಂದು ಹೇಳುವುದು?

ಒಂದು ಸಂಜೆ ಅವಳು ಓಡಿಬರಲಿಲ್ಲ. ಹೊಸ್ತಿಲ ಒಳಗೇ ನಿಂತು ಎರಡೂ ಅಂಗೈ ಚಾಚಿ ತೋರಿಸಿದಳು. ನೀರಲ್ಲಿ ನೆನೆದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು.

"ಮೂರು ಸಲ ತೊಳದೀನಿ, ಮಮ್ಮಿ. ಈಗರೆ ನನ್ನ ಎತ್ಕೊ" ಎಂದಳು.