ಆಮೆಯ ತತ್ತಿಗೆ ಕೋಳಿಬುಟ್ಟಿ

ಮೊನ್ನೆ ರಂಗಂಪೇಟೆಯಲ್ಲಿ ಕೋಳಿ ಮುಚ್ಚುವ ಬುಟ್ಟಿಯೊಂದನ್ನು ಕೊಂಡೆ. ಹಸಿ ಬಿದಿರಿನ ವಾಸನೆ ಇನ್ನೂ ಆರಿರಲಿಲ್ಲ. "ಮನ್ಯಾಗ ಎಷ್ಟ್ ಕೋಳಿ ಅದಾವ್ರಿ?" ಎಂದು ಮಾರುವವಳು ಕೇಳಿದಳು. ನಮ್ಮ ಮನೆಯಲ್ಲಿ ಒಂದು ಕೋಳಿಯೂ ಇಲ್ಲ. ಬುಟ್ಟಿಯನ್ನು ಬಗಲಲ್ಲಿ ಹಿಡಿದು ಬಸ್ಸು ಹತ್ತುವಾಗ, ನಮ್ಮೂರು ಬೋನಾಳದಲ್ಲಿ ನಮಗೆ ವಿಜ್ಞಾನ ಕಲಿಸಿದ ಟೀಚರು ಕಣ್ಣಮುಂದೆ ಬಂದರು... ಇಂಥದ್ದೇ ಬುಟ್ಟಿ ಹೊತ್ತು ಕೆರೆಯ ಕಡೆಗೆ ಓಡಿದ್ದ ಟೀಚರು.

ಅವರು ಕಡಲ ದಂಡೆಯವರು. ಗಂಡನಿಗೆ ಕಾಲುವೆಯ ಕೆಲಸವಿದ್ದುದರಿಂದ ನಮ್ಮ ಸೀಮೆಗೆ ಬಂದು, ಒಂದು ವರ್ಷದ ಮಟ್ಟಿಗೆ ನಮ್ಮ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದರು. ಪುಸ್ತಕದ ಹಾಗೆ ಮಾತಾಡುತ್ತಾರೆಂದು ನಾವು ಹಿಂದಿನಿಂದ ಅಣಕಿಸುತ್ತಿದ್ದೆವು. ಆದರೆ ಕಡಲಾಮೆ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆ ಇಡುವುದು, ಅವರೂರಿನ ಮಕ್ಕಳು ಅದಕ್ಕೆ ಬೇಲಿ ಕಟ್ಟಿ ನಾಯಿ ನರಿ ಬಾರದಂತೆ ಕಾಯುವುದು, ಮರಿಗಳು ಅಲೆಯೊಳಗೆ ಇಳಿದು ಹೋಗುವುದು... ಇದನ್ನೆಲ್ಲ ಅವರು ಹೇಳತೊಡಗಿದರೆ ಬಾಯಿ ತೆರೆದು ಕೂರುತ್ತಿದ್ದೆವು. "ಸಮುದ್ರ ನಮ್ಮ ಕೆರಿಗಿಂತ ದೊಡ್ದೇನ್ರಿ?" ಎಂದು ನಾನೇ ಕೇಳಿದ್ದೆ. ಅವರು ನಗಲಿಲ್ಲ. "ಸ್ವಲ್ಪ ದೊಡ್ಡದು" ಎಂದರು.

ಒಂದು ದಿನ ಕೆರೆಯ ಆಮೆಯೊಂದು ನಮ್ಮ ಕಾಕಾನ ಹೊಲದಂಚಿಗೆ ಬಂದು, ಮಣ್ಣು ಕೆದರಿ ತತ್ತಿ ಇಟ್ಟು ಹೋದದ್ದನ್ನು ನಾವು ಹುಡುಗಿಯರು ಕಂಡೆವು. ತರಗತಿಯಲ್ಲಿ ಹೇಳಿದ್ದೇ ತಡ, ಟೀಚರು ಪಾಠ ನಿಲ್ಲಿಸಿದರು. ನಮ್ಮವ್ವನ ಕೋಳಿಬುಟ್ಟಿ ಇಸಿದುಕೊಂಡು ಓಡಿ, ಆ ಜಾಗದ ಮೇಲೆ ಬೋರಲು ಹಾಕಿ, ಸುತ್ತ ಕಲ್ಲು ಒಟ್ಟಿಸಿದರು. ಊರಿಗೆ ನಗಲು ಇಷ್ಟು ಸಾಕಾಯಿತು. "ಟೀಚರಮ್ಮ ಆಮಿ ತತ್ತಿ ಕಾವಿಗಿ ಇಟ್ಟಾಳ" ಎಂದರು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ" ಎಂದ ಕಾಕಾ.

"ಇದು ಇನ್ನು ನಿಮ್ಮದು. ಎರಡು ತಿಂಗಳು ಕಾಯಿರಿ, ಮರಿ ಬರುತ್ತವೆ" ಎಂದರು ಟೀಚರು. ಅದು ಅವರೂರಿನ ಲೆಕ್ಕ. ಶಾಲೆ ಬಿಟ್ಟ ಮೇಲೆ ನಾವು ಪಾಳಿಯ ಮೇಲೆ ಹೋಗಿ, ಕಲ್ಲು ಸರಿದಿವೆಯೇ, ಹಂದಿ ಮೂತಿ ಹಾಕಿದೆಯೇ ಎಂದು ನೋಡಿ ಬರುತ್ತಿದ್ದೆವು. ಎರಡು ತಿಂಗಳಾಯಿತು, ಮೂರಾಯಿತು. ಏನೂ ಬರಲಿಲ್ಲ. ಜೋಳದ ರಾಶಿ ಮುಗಿಯಿತು. ಎರೆಮಣ್ಣು ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯಿತು...

ಕಾಕಾನಿಗೆ ಹೊಲ ಉಳುವ ಅವಸರ. ಕೋಳಿ ಕಾವಿಗೆ ಕೂತು ದಿನ ಮೀರಿದರೆ ನಮ್ಮ ಕಡೆ ಹೆಂಗಸರು ತತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು ನೋಡುತ್ತಾರೆ. ಒಳಗೆ ಜೀವವಿದ್ದರೆ ಅದು ಅಲ್ಲಾಡುತ್ತದೆ. ಕಾಕಾ ಅದನ್ನೇ ಹಿಡಿದ. "ಒಂದ್ ತತ್ತಿ ತಗದು ನೀರಾಗ ಬಿಡ್ರಿ ಟೀಚರ. ಅಳ್ಳಾಡಿದ್ರ ನೀವು ಹೇಳಿದಂಗ. ಇಲ್ಲಂದ್ರ ನಾ ಗಳೇ ಹೊಡೀತೀನಿ." ನಮಗೂ ಇದು ನ್ಯಾಯವೆಂದೇ ಕಂಡಿತು. ಅವ್ವ ಆಗಲೇ ನೀರು ಬೆಚ್ಚಗೆ ಮಾಡಿ ತಂದಿದ್ದಳು.

ಟೀಚರು ಬುಟ್ಟಿಗೆ ಅಡ್ಡವಾಗಿ ಕೂತುಬಿಟ್ಟರು. "ಆಮೆಯ ಮೊಟ್ಟೆ ಹೊರಳಿಸಿದರೆ ಒಳಗಿನ ಮರಿ ಸಾಯುತ್ತದೆ. ನಾವು ನೋಡಬೇಕು ಅಂತ ಅದು ಸಾಯಬೇಕಾ?" ಎಂದರು.

"ಮತ್ ಯಾವಾಗ ಬರ್ತಾವ್ರಿ ಅವು?" ಎಂದ ಕಾಕಾ.

"ನನಗೂ ಗೊತ್ತಿಲ್ಲ. ನಾನು ಕಂಡದ್ದು ಕಡಲಿನ ಆಮೆ. ಇಲ್ಲಿಯದರ ಲೆಕ್ಕ ಬೇರೆ ಇರಬಹುದು."

ಗೊತ್ತಿಲ್ಲ ಎಂದು ಹೇಳಿದ ಟೀಚರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಅವರು ಎದ್ದು ಸರಿಯಲಿಲ್ಲ. ಕಾಕಾ ಗೊಣಗುತ್ತಾ ಹೋದ. ಮರುದಿನ ಎತ್ತು ಹೂಡಿದ್ದಾನೆಂದು ಕೇಳಿ ನಾವು ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಹೊಲವೆಲ್ಲ ಉತ್ತಾಗಿತ್ತು. ಬುಟ್ಟಿಯಿಂದ ಕೆರೆಯವರೆಗಿನ ಒಂದು ಪಟ್ಟಿ ನೆಲ ಮಾತ್ರ ಹಾಗೇ ಉಳಿದಿತ್ತು.

ಬೇಸಿಗೆ ರಜೆಯಲ್ಲಿ ಅವರ ಗಂಡನಿಗೆ ವರ್ಗವಾಯಿತು. ಹೊರಡುವಾಗ ನನ್ನ ಅಂಗೈಯ ಮೇಲೆ ಫೋನ್ ನಂಬರ್ ಬರೆದು, "ಮರಿ ಬಂದರೆ ಹೇಳು. ಬರದಿದ್ದರೂ ಹೇಳು. ಬುಟ್ಟಿ ತೆಗೆದು ಮಾತ್ರ ನೋಡಬೇಡ" ಎಂದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಂಗೈ ಬಿಚ್ಚಿಕೊಂಡೇ ನಿಂತಿದ್ದೆ. ಬೆವರಿಗೆ ಅಳಿಸೀತೆಂಬ ಭಯ.

ಜೂನಿನಲ್ಲಿ ಮಿರ್ಗದ ಮೊದಲ ಮಳೆ ಸುರಿದ ಮರುದಿನ ಬೆಳಿಗ್ಗೆ ಕಾಕಾ ಹೊಲದಿಂದಲೇ ಕೂಗಿದ. ಹೋಗಿ ನೋಡಿದರೆ ಬುಟ್ಟಿಯೊಳಗೆ ನೆಲ ಮಿಸುಕುತ್ತಿತ್ತು. ಹಳೆಯ ರೂಪಾಯಿ ನಾಣ್ಯದಷ್ಟಗಲದ ಮರಿಗಳು, ಮೈಯೆಲ್ಲ ಕೆಸರು, ಒಂದರ ಮೇಲೊಂದು ಹತ್ತಿ ಬುಟ್ಟಿಯ ಒಂದೇ ಮಗ್ಗುಲನ್ನು ನೂಕುತ್ತಿದ್ದವು. ಅದು ಕೆರೆಯ ಮಗ್ಗುಲು. ನಾವು ಚಪ್ಪಲಿ ಇಲ್ಲದೆ ನಿಲ್ಲಲಾಗದಿದ್ದ ಆ ನೆಲದ ಅಡಿಯಲ್ಲಿ ಬೇಸಿಗೆ ಪೂರ್ತಿ ಅವು ಮಳೆಗಾಗಿ ಕಾದಿದ್ದವು.

ಕಾಕಾ ತಲೆಯ ರುಮಾಲು ತೆಗೆದು ಬಗಲಲ್ಲಿ ಇಟ್ಟುಕೊಂಡು ಬುಟ್ಟಿ ಎತ್ತಿದ. ಮರಿಗಳು ಅವನು ಬಿಟ್ಟಿದ್ದ ಪಟ್ಟಿಯ ಮೇಲೆಯೇ ಸಾಗಿದವು. "ನೀರು ಆ ಕಡಿ ಐತಂತ ಇವಕ್ಕ ಯಾರ್ ಹೇಳ್ಯಾರ?" ಎಂದು ಮೆಲ್ಲಗೆ ಕೇಳಿದ. ನಾವು ಮರಿಗಳ ಹಿಂದೆಯೇ ಕೆರೆಯವರೆಗೆ ನಡೆದೆವು.

ಕಾಕಾನ ಫೋನಿನಿಂದಲೇ ಹೇಳಿದೆ, "ಬಂದಾವ್ರಿ ಟೀಚರ." "ಯಾರೂ ತೆಗೆದು ನೋಡಲಿಲ್ಲವಾ?" ಎಂದರು. ಇಲ್ಲವೆಂದೆ. "ಹಾಗಾದರೆ ನೀವು ನನಗಿಂತ ಗಟ್ಟಿ. ಒಂದು ಸಂಜೆ ನನ್ನ ಕೈ ಆ ಬುಟ್ಟಿಯ ಮೇಲೆ ಹೋಗಿತ್ತು" ಎಂದರು.

ಆಮೇಲೆ ಪ್ರತಿ ವರ್ಷ ಮಿರ್ಗದ ಮಳೆ ಬಿದ್ದ ಕೂಡಲೇ ನಾನು ಫೋನ್ ಮಾಡುತ್ತಿದ್ದೆ. ಈ ವರ್ಷ ಎತ್ತಿದವರು ಅವರ ಮಗಳು. ಅಮ್ಮ ಹೋಗಿ ತಿಂಗಳಾಯಿತು ಎಂದರು... ಹೊರಗೆ ಮಳೆ ಹುಯ್ಯುತ್ತಲೇ ಇತ್ತು.

ನಾನೀಗ ಶಹಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಟೀಚರು. ನಮ್ಮ ಮಕ್ಕಳು ಕೆರೆಯ ದಂಡೆಯಲ್ಲಿ ಆಮೆ ತತ್ತಿ ಇಟ್ಟದ್ದನ್ನು ಕಂಡು ಬಂದು ಹೇಳಿದ್ದರು. ನಿನ್ನೆ ಅವರೇ ಬುಟ್ಟಿ ಬೋರಲು ಹಾಕಿ ಕಲ್ಲು ಒಟ್ಟಿದರು. ಮುಂದಿನ ಮಳೆಗಾಲದವರೆಗೆ ಕಾಯಬೇಕು, ತೆಗೆದು ನೋಡಬಾರದು ಎಂದೆ. ಎಲ್ಲರೂ ತಲೆಯಾಡಿಸಿದರು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು, "ಮರಿ ಬಂದ್ರ ಯಾರಿಗಿ ಹೇಳೂದ್ರಿ ಟೀಚರ?"

ನಮ್ಮ ಟೀಚರಿಗೆ ಹೇಳೋಣ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ನನಗ ಹೇಳ್ರಿ" ಎಂದೆ. "ಬರಲಿಲ್ಲಂದ್ರೂ ಹೇಳ್ರಿ."